ಒಂದೇ ಹೆಸರಿನ ಬ್ಯಾಕ್ಟೀರಿಯಾ: ಒಂದು ಮೊಲಕ್ಕೆ ನೆಗಡಿ, ಇನ್ನೊಂದಕ್ಕೆ ಸಾವು

ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಿಂದ ಶಿವಗಂಗೆಯ ಕಡೆಗೆ ಹೋಗುವ ದಾರಿಯಲ್ಲಿ ಇಬ್ಬರು ಮೊಲ ಸಾಕಿದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರದೂ ಒಂದೇ ಬಗೆಯ ತಂತಿಯ ಪಂಜರ, ಒಂದೇ ಅಂಗಡಿಯ ಹಿಂಡಿ, ಒಂದೇ ಹೊಲದ ಕುದುರೆ ಮಸಾಲೆ ಸೊಪ್ಪು. ಒಬ್ಬರ ಶೆಡ್ಡಿನಲ್ಲಿ ಮೊಲಗಳು ವರ್ಷವಿಡೀ ಸೀನುತ್ತವೆ, ಮೂಗು ಸೋರುತ್ತಿರುತ್ತದೆ, ಆದರೂ ಮರಿ ಹಾಕಿಕೊಂಡು ಬದುಕಿರುತ್ತವೆ. ಇನ್ನೊಬ್ಬರ ಶೆಡ್ಡಿನಲ್ಲಿ ಸಂಜೆ ಸೊಪ್ಪು ತಿಂದ ಮೊಲ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಎರಡೂ ಕಡೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ವರದಿಯಲ್ಲಿ ಬರುವ ಹೆಸರು ಒಂದೇ ಆಗಿರುವ ಸಾಧ್ಯತೆ ಉಂಟು: ಪಾಶ್ಚುರೆಲ್ಲ ಮಲ್ಟೋಸಿಡ.

ಇದು ಕಲ್ಪಿತ ಉದಾಹರಣೆಯಾದರೂ ಮೊಲ ಸಾಕಣೆಯಲ್ಲಿ ಎಲ್ಲೆಡೆ ಕಾಣಸಿಗುವ ಸಂಗತಿ. ವರದಿಯಲ್ಲಿನ ಹೆಸರನ್ನು ಓದಿ ರೋಗ ತಿಳಿಯಿತೆಂದು ಭಾವಿಸುವುದು ಸಹಜ. ಆದರೆ ಆ ಹೆಸರು ಹೇಳುವುದು ಬ್ಯಾಕ್ಟೀರಿಯಾದ ಪ್ರಭೇದವನ್ನು ಮಾತ್ರ. ಸಾವು–ಬದುಕು ನಿರ್ಧಾರವಾಗುವುದು ಬಹುಮಟ್ಟಿಗೆ ಅದಕ್ಕಿಂತ ಕೆಳಗಿನ ಹಂತದಲ್ಲಿ, ತಳಿಯ ಹಂತದಲ್ಲಿ.

ತಳಿ ಎಂದರೇನು?

ಇಲ್ಲಿ ತಳಿ ಎಂದರೆ ಮೊಲದ ತಳಿಯಲ್ಲ, ಬ್ಯಾಕ್ಟೀರಿಯಾದ ತಳಿ. ನಮ್ಮ ರೈತರಿಗೆ ಇದನ್ನು ವಿವರಿಸಲು ರಾಗಿಯೇ ಸಾಕು. ಇಂಡಾಫ್ ಕೂಡ ರಾಗಿ, ಜಿಪಿಯು-28 ಕೂಡ ರಾಗಿ. ಆದರೆ ಜಿಪಿಯು-28 ಬೆಂಕಿ ರೋಗವನ್ನು ತಡೆದುಕೊಳ್ಳುವಂತೆ ಹಳೆಯ ತಳಿಗಳು ತಡೆದುಕೊಳ್ಳಲಾರವು. ಬ್ಯಾಕ್ಟೀರಿಯಾದಲ್ಲೂ ಹೀಗೆಯೇ. ಒಂದೇ ಪ್ರಭೇದದೊಳಗೆ ಕೆಲವು ವಂಶವಾಹಿಗಳು ಹೆಚ್ಚು ಕಡಿಮೆ ಇರುವ ನೂರಾರು ತಳಿಗಳಿರುತ್ತವೆ. ರೋಗ ತರುವ ಶಕ್ತಿಯ ಪ್ರಮಾಣಕ್ಕೆ ಉಗ್ರತೆ ಎನ್ನಬಹುದು. ಉಗ್ರ ತಳಿಯ ಅತ್ಯಲ್ಪ ಸಂಖ್ಯೆಯ ಬ್ಯಾಕ್ಟೀರಿಯಾಗಳೇ ಪ್ರಾಣಿಯನ್ನು ಕೊಲ್ಲಬಲ್ಲವು. ಸೌಮ್ಯ ತಳಿಯ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳು ಮೂಗಿನಲ್ಲಿ ನೆಲೆಸಿದ್ದರೂ ಸೀನಿನ ಹೊರತು ಬೇರೇನೂ ಆಗದಿರಬಹುದು.

ಮಲ್ಟೋಸಿಡ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ 'ಹಲವರನ್ನು ಕೊಲ್ಲುವುದು' ಎಂಬ ಅರ್ಥವಿದೆ. ಮೊಲಗಳಲ್ಲಿ ಇದರ ಸಾಮಾನ್ಯ ರೂಪ ತೀರದ ನೆಗಡಿ. ಮುಂಗಾಲುಗಳಿಂದ ಮೂಗು ಒರೆಸಿಕೊಳ್ಳುವುದರಿಂದ ಕಾಲುಗಳ ಒಳಬದಿಯ ಕೂದಲು ಸಿಂಬಳ ಹತ್ತಿ ಗಂಟುಗಟ್ಟಿರುತ್ತದೆ. ಅನುಭವಿ ಸಾಕಣೆದಾರರು ಮೊಲ ಕೊಳ್ಳುವಾಗ ಮೊದಲು ನೋಡುವುದೇ ಇದನ್ನು. ಸೋಂಕು ಕಿವಿಯ ಒಳಭಾಗಕ್ಕೆ ಇಳಿದರೆ ಮೊಲದ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಚರ್ಮದ ಕೆಳಗೆ ಕೀವು ಗಡ್ಡೆ, ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕೀವು, ನ್ಯುಮೋನಿಯಾ, ಕೊನೆಗೆ ರಕ್ತವೇ ನಂಜಾಗುವ ಸ್ಥಿತಿ, ಇವೆಲ್ಲ ಇದೇ ಪ್ರಭೇದದ ಕೆಲಸ.

ಗಳಲೆ ರೋಗದ ನೆಂಟ

ಕರ್ನಾಟಕದ ಹಳ್ಳಿಗರಿಗೆ ಈ ಬ್ಯಾಕ್ಟೀರಿಯಾ ಹೊಸದಲ್ಲ. ದನ ಎಮ್ಮೆಗಳಿಗೆ ಮಳೆಗಾಲದ ಆರಂಭದಲ್ಲಿ ಬರುವ ಗಳಲೆ ರೋಗ, ಕೆಲವು ಕಡೆ ಗಂಟಲು ಬೇನೆ ಎನ್ನುವ ರೋಗ, ಇದೇ ಪಾಶ್ಚುರೆಲ್ಲ ಮಲ್ಟೋಸಿಡದಿಂದ ಬರುತ್ತದೆ. ಜ್ವರ, ಗಂಟಲಿನ ಊತ, ಉಸಿರಾಟದ ಕಷ್ಟ, ಅನೇಕ ವೇಳೆ ಒಂದೇ ದಿನದಲ್ಲಿ ಸಾವು. ಆದರೆ ಏಷ್ಯಾದಲ್ಲಿ ಗಳಲೆ ರೋಗವನ್ನು ತರುವುದು ಬಿ:2 ಎಂಬ ಒಂದು ವಿಧ ಮಾತ್ರ. ಆಫ್ರಿಕಾದಲ್ಲಿ ಇ:2 ವಿಧವೂ ಈ ರೋಗವನ್ನು ತರುತ್ತದೆ. ಕೋಳಿಗಳ ಕಾಲರಾಕ್ಕೆ ಬಹುಪಾಲು ಎ ವಿಧ ಕಾರಣ. ಹಂದಿಗಳ ಮೂತಿಯ ಎಲುಬನ್ನು ಸವೆಸುವ ರೋಗಕ್ಕೆ ಮುಖ್ಯವಾಗಿ ಡಿ ವಿಧ ಕಾರಣ. ಸಾಕುಮೊಲಗಳಲ್ಲಿ ಹೆಚ್ಚಾಗಿ ಸಿಗುವುದು ಎ, ಆಮೇಲೆ ಡಿ, ಕೆಲವೆಡೆ ಎಫ್.

ಈ ಅಕ್ಷರಗಳು ಬ್ಯಾಕ್ಟೀರಿಯಾದ ಹೊರ ಕವಚದ ಹೆಸರುಗಳು. 1950ರ ದಶಕದಲ್ಲಿ ಕಾರ್ಟರ್ ಎಂಬ ವಿಜ್ಞಾನಿ ಈ ವರ್ಗೀಕರಣಕ್ಕೆ ಅಡಿಪಾಯ ಹಾಕಿದರು. ಅಕ್ಷರದ ಮುಂದಿನ ಅಂಕಿ ಕವಚದ ಕೆಳಗಿನ ಪೊರೆಯ ರಚನೆಯನ್ನು ಸೂಚಿಸುತ್ತದೆ. ಹೆಡ್ಲ್‌ಸ್ಟನ್ ಮತ್ತು ಸಂಗಡಿಗರು 1972ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಇಂತಹ 16 ವಿಧಗಳಿವೆ.

ಗಮನಿಸಬೇಕಾದ ಸಂಗತಿಯೊಂದಿದೆ. ಬಿ:2 ತಳಿ ಮೊಲದ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಅದನ್ನು ಮೊಲದ ದೇಹಕ್ಕೆ ಚುಚ್ಚಿದರೆ ಮೊಲ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಆದ್ದರಿಂದಲೇ ಗಳಲೆ ರೋಗದ ಪತ್ತೆಗೆ ಪ್ರಯೋಗಾಲಯಗಳು ಬಹುಕಾಲ ಇಲಿ ಅಥವಾ ಮೊಲವನ್ನು ಬಳಸಿದವು. ದನ ಸತ್ತು ಹೊತ್ತಾಗಿ ಕೊಳೆಯತೊಡಗಿದ್ದರೆ ಉದ್ದನೆಯ ಒಂದು ಕಾಲೆಲುಬನ್ನು ಬೇರ್ಪಡಿಸಿ ಕಳುಹಿಸುವುದು ಪಶುವೈದ್ಯರ ಹಳೆಯ ಪದ್ಧತಿ. ಒಳಗಿನ ಮಜ್ಜೆ ತಡವಾಗಿ ಕೊಳೆಯುತ್ತದೆ. ಆ ಮಜ್ಜೆಯಿಂದ ತೆಗೆದ ಬ್ಯಾಕ್ಟೀರಿಯಾದ ಉಗ್ರತೆಗೆ ಪ್ರಾಣಿಯ ಸಾವೇ ಸಾಕ್ಷಿಯಾಗುತ್ತಿತ್ತು.

ಕವಚ, ವಿಷ, ಕಬ್ಬಿಣ

ಒಂದು ತಳಿ ಉಗ್ರವಾಗಲು ಕಾರಣವೇನು? ಪಾಶ್ಚುರೆಲ್ಲದಲ್ಲಿ ಮೊದಲ ಉತ್ತರ ಕವಚ. ಎ ವಿಧದ ಕವಚ ಹೈಅಲುರಾನಿಕ್ ಆಮ್ಲದಿಂದ ಆಗಿದೆ. ಇದೇ ವಸ್ತು ಮೊಲದ ಕೀಲುಗಳಲ್ಲಿ, ಚರ್ಮದಲ್ಲಿ, ನಮ್ಮ ದೇಹದಲ್ಲೂ ಇದೆ. ಡಿ ಮತ್ತು ಎಫ್ ವಿಧದ ಕವಚಗಳೂ ಪ್ರಾಣಿಗಳ ದೇಹದಲ್ಲಿರುವ ವಸ್ತುಗಳನ್ನೇ ಹೋಲುತ್ತವೆ. ಪರಿಣಾಮವಾಗಿ ಬಿಳಿ ರಕ್ತಕಣಗಳಿಗೆ ಎದುರಿಗಿರುವುದು ಶತ್ರುವೆಂದು ಗುರುತು ಹಿಡಿಯುವುದೇ ಕಷ್ಟ. ಗುರುತು ಹಿಡಿದರೂ ಜಾರುವ ಕವಚದಿಂದಾಗಿ ನುಂಗುವುದು ಕಷ್ಟ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಬಿ:2 ತಳಿಯೊಂದರ ಕವಚಕ್ಕೆ ಸಂಬಂಧಿಸಿದ ಒಂದೇ ವಂಶವಾಹಿಯನ್ನು ಕೆಡಿಸಿ ನೋಡಿದರು. ಕವಚ ಕಳೆದುಕೊಂಡ ಬ್ಯಾಕ್ಟೀರಿಯಾ ಇಲಿಗಳಲ್ಲಿ ತನ್ನ ಉಗ್ರತೆಯನ್ನು ಬಹುಪಾಲು ಕಳೆದುಕೊಂಡಿತು.

ಎರಡನೆಯದು ವಿಷ. ಕೆಲವು ತಳಿಗಳು, ಅದರಲ್ಲೂ ಡಿ ವಿಧದವು, ಪ್ರೋಟೀನಿನ ಒಂದು ವಿಷವನ್ನು ಉತ್ಪಾದಿಸುತ್ತವೆ. ಅದು ಜೀವಕೋಶದೊಳಗಿನ ಸಂದೇಶ ವ್ಯವಸ್ಥೆಯನ್ನು ಸದಾ ಚಾಲೂ ಸ್ಥಿತಿಯಲ್ಲಿ ಇಡುತ್ತದೆ; ಎಲುಬನ್ನು ಕರಗಿಸುವ ಕೋಶಗಳು ಹೆಚ್ಚುತ್ತವೆ, ಮೂಗಿನ ಒಳಗಿನ ತೆಳ್ಳನೆಯ ಎಲುಬುಗಳು ಸವೆಯುತ್ತವೆ. ಹಂದಿಗಳಲ್ಲಿ ಇದು ಮೂತಿ ಸೊಟ್ಟಗಾಗುವ ಕಾಯಿಲೆ. ಮೊಲಗಳಿಗೆ ಇದೇ ವಿಷ ತಗಲಿದಾಗಲೂ ಮೂಗಿನ ಎಲುಬು ಸವೆದುದನ್ನು ಪ್ರಯೋಗಗಳು ತೋರಿಸಿವೆ. ಕುತೂಹಲದ ಸಂಗತಿ ಎಂದರೆ, ಈ ವಿಷದ ವಂಶವಾಹಿ ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಲ್ಲ. ಬ್ಯಾಕ್ಟೀರಿಯಾಕ್ಕೇ ತಗಲುವ ವೈರಸ್ಸೊಂದು ಅದನ್ನು ಹೊತ್ತು ತಂದಿದೆ. ನಿನ್ನೆ ಸೌಮ್ಯವಾಗಿದ್ದ ತಳಿಗೆ ಈ ವೈರಸ್ ತಗಲಿದರೆ ನಾಳೆ ಅದು ವಿಷಕಾರಿ.

ಮೂರನೆಯದು ಕಬ್ಬಿಣ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣಾಂಶ ಬೇಕು. ಪ್ರಾಣಿಯ ದೇಹ ಅದನ್ನು ಹಿಮೋಗ್ಲೋಬಿನ್ ಮುಂತಾದ ಪ್ರೋಟೀನುಗಳಲ್ಲಿ ಬಂಧಿಸಿಟ್ಟಿರುತ್ತದೆ. ಆ ಬಂಧನದಿಂದ ಕಬ್ಬಿಣವನ್ನು ಕಿತ್ತುಕೊಳ್ಳುವ ಸಾಧನಗಳು ಹೆಚ್ಚಿರುವ ತಳಿ ರಕ್ತದಲ್ಲಿ ಸಲೀಸಾಗಿ ಹೆಚ್ಚುತ್ತದೆ. ಜೊತೆಗೆ ಮೂಗಿನ ಒಳಪೊರೆಗೆ ಅಂಟಿಕೊಳ್ಳಲು ಬೇಕಾದ ಎಳೆಗಳು, ಜ್ವರ ಮತ್ತು ಆಘಾತ ತರುವ ಹೊರಪೊರೆಯ ಕೊಬ್ಬು–ಸಕ್ಕರೆ ಸಂಯುಕ್ತ. ಇವು ಯಾವ ಯಾವ ಪ್ರಮಾಣದಲ್ಲಿ ಸೇರಿವೆ ಎಂಬುದರ ಮೇಲೆ ತಳಿಯ ಸ್ವಭಾವ ನಿಂತಿದೆ. ಕವಚದ ಅಕ್ಷರವೊಂದನ್ನೇ ನೋಡಿ ಉಗ್ರತೆಯನ್ನು ಊಹಿಸುವುದು ಸಾಧ್ಯವಿಲ್ಲ. ಮುಖ್ಯವಾಗಿ ಕೋಳಿಗಳಿಗೆ ಸಂಬಂಧಿಸಿದ್ದೆಂದು ಎಣಿಸಲಾಗಿದ್ದ ಎಫ್ ವಿಧವು ಮೊಲಗಳಿಗೆ ಮಾರಕವಾಗಬಲ್ಲುದೆಂದು ಝೆಕ್ ಗಣರಾಜ್ಯದ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ತೋರಿಸಿದರು.

ಯಾರಿಗೆ ಉಗ್ರ?

ಉಗ್ರತೆ ಎಂಬುದು ಬ್ಯಾಕ್ಟೀರಿಯಾದ ಹಣೆಯ ಮೇಲೆ ಬರೆದಿಟ್ಟ ಗುಣವಲ್ಲ ಎಂಬುದನ್ನು ಲೂಯಿ ಪಾಶ್ಚರ್ ಮತ್ತು ಅವರ ಶಿಷ್ಯ ಥುಯಿಲಿಯೆ 1880ರ ದಶಕದ ಆರಂಭದಲ್ಲೇ ಕಂಡರು. ಹಂದಿಗಳ ಕೆಂಪು ಜ್ವರದ ಬ್ಯಾಕ್ಟೀರಿಯಾವನ್ನು ಒಂದು ಮೊಲದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸಾಗಿಸುತ್ತ ಹೋದಾಗ ಅದು ಮೊಲಗಳಿಗೆ ಹೆಚ್ಚು ಹೆಚ್ಚು ಮಾರಕವಾಯಿತು. ಹಂದಿಗಳಿಗೆ ಮಾತ್ರ ಸೌಮ್ಯವಾಯಿತು. ಪಾರಿವಾಳಗಳ ಮೂಲಕ ಸಾಗಿಸಿದಾಗ ಹಂದಿಗಳಿಗೆ ಮತ್ತಷ್ಟು ಉಗ್ರವಾಯಿತು. ಮೊಲದ ದಾರಿಯಿಂದ ಬಂದ ಸೌಮ್ಯ ತಳಿಯಿಂದಲೇ ಅವರು ಹಂದಿಗಳಿಗೆ ಲಸಿಕೆ ತಯಾರಿಸಿದರು. ಮೊಲಗಳು ಕಿಕ್ಕಿರಿದ ಶೆಡ್ಡಿನಲ್ಲಿ ರೋಗ ಒಂದರಿಂದೊಂದಕ್ಕೆ ದಾಟುವಾಗಲೂ ಇಂತಹ ಆಯ್ಕೆ ನಡೆಯುವ ಅವಕಾಶವಿದೆ ಎಂಬುದನ್ನು ಮರೆಯಬಾರದು.

ಇದೇ ಪಾಶ್ಚರ್ ಕೋಳಿ ಕಾಲರಾದ ಬ್ಯಾಕ್ಟೀರಿಯಾ, ಅಂದರೆ ಪಾಶ್ಚುರೆಲ್ಲ ಮಲ್ಟೋಸಿಡವನ್ನೇ, ಮೊಲಗಳ ವಿರುದ್ಧ ಆಯುಧವಾಗಿ ಬಳಸಲು ಹೊರಟ ಕಥೆಯೂ ಇದೆ. ಮೊಲಗಳ ಹಾವಳಿಯಿಂದ ಬೇಸತ್ತ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರ 1887ರಲ್ಲಿ ಪರಿಹಾರ ಸೂಚಿಸುವವರಿಗೆ 25,000 ಪೌಂಡ್ ಬಹುಮಾನ ಘೋಷಿಸಿತು. ಪಾಶ್ಚರ್ ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ರ್‍ಹೀಮ್ಸ್‌ನಲ್ಲಿ ಪೊಮ್ಮೆರಿ ಮನೆತನದ ಜಮೀನಿನಲ್ಲಿ ಬ್ಯಾಕ್ಟೀರಿಯಾ ಸಿಂಪಡಿಸಿದ ಮೇವನ್ನು ಮೊಲಗಳಿಗೆ ಇಟ್ಟು ಅವುಗಳನ್ನು ಕೊಂದರು. ಅವರ ಪತ್ನಿಯ ಸೋದರಳಿಯ ಆದ್ರಿಯಾಂ ಲುವಾರ್ 1888ರಲ್ಲಿ ಸಿಡ್ನಿ ಬಂದರಿನ ರಾಡ್ ದ್ವೀಪದಲ್ಲಿ ಪ್ರಯೋಗ ಮುಂದುವರಿಸಿದರು. ಮೇವು ತಿಂದ ಮೊಲಗಳು ಸತ್ತವು. ಆದರೆ ಅವುಗಳಿಂದ ಇತರ ಮೊಲಗಳಿಗೆ ರೋಗ ನಿರೀಕ್ಷಿಸಿದಂತೆ ಹರಡಲಿಲ್ಲ. ಬಹುಮಾನ ಯಾರಿಗೂ ಸಿಗಲಿಲ್ಲ. ಕೊಲ್ಲುವ ಶಕ್ತಿ ಬೇರೆ, ಹರಡುವ ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಇನ್ನೊಂದಿರಲಾರದು!

ಒಂದೇ ಅಕ್ಷರದ ವ್ಯತ್ಯಾಸ

ಎರಡು ತಳಿಗಳ ನಡುವಿನ ಅಂತರ ಎಷ್ಟು ಸಣ್ಣದಿರಬಹುದು? ಇದಕ್ಕೆ ಅಚ್ಚರಿಯ ಉತ್ತರ ಬಂದದ್ದು ಬೇರೊಂದು ಬ್ಯಾಕ್ಟೀರಿಯಾದಿಂದ. ಸ್ಟ್ಯಾಫಿಲೊಕಾಕಸ್ ಆರಿಯಸ್ ಮನುಷ್ಯರ ಮೂಗಿನಲ್ಲೂ ಚರ್ಮದಲ್ಲೂ ವಾಸಿಸುವಂಥದ್ದು. ಕುರು, ಕೀವಿಗೆ ಇದೇ ಕಾರಣ. ಯುರೋಪಿನ ಮೊಲದ ಫಾರಂಗಳಲ್ಲಿ ಇದರ ಎರಡು ಬಗೆಯ ಸೋಂಕುಗಳನ್ನು ಪಶುವೈದ್ಯರು ಗುರುತಿಸಿದ್ದರು. ಒಂದು ಬಗೆಯಲ್ಲಿ ಒಂದೆರಡು ಮೊಲಗಳಿಗೆ ಸಣ್ಣ ಗಾಯ, ಅಲ್ಲಿಗೆ ಮುಗಿಯಿತು. ಇನ್ನೊಂದು ಬಗೆಯಲ್ಲಿ ತಾಯಿಮೊಲಗಳಿಗೆ ಕೆಚ್ಚಲು ಬಾವು, ಪಾದದ ಹುಣ್ಣು, ಮರಿಗಳ ಮೈಮೇಲೆ ಕೀವು ಗುಳ್ಳೆ. ಇಡೀ ಫಾರಂಗೆ ಹರಡಿ, ಔಷಧಕ್ಕೆ ಬಗ್ಗದೆ, ಕೊನೆಗೆ ಎಲ್ಲ ಮೊಲಗಳನ್ನೂ ತೆಗೆದುಹಾಕಬೇಕಾಗುತ್ತಿತ್ತು. ಈ ಉಗ್ರ ಬಗೆಯ ಬಹುಪಾಲು ತಳಿಗಳು ಎಸ್‌ಟಿ121 ಎಂಬ ಒಂದೇ ವಂಶಕ್ಕೆ ಸೇರಿದವು.

ಸ್ಪೇನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 2015ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಇದರ ಮೂಲವನ್ನು ಪ್ರಕಟಿಸಿದರು. ಮನುಷ್ಯರಲ್ಲಿದ್ದ ಎಸ್‌ಟಿ121 ತಳಿ ಸುಮಾರು ನಾಲ್ಕು ದಶಕಗಳ ಹಿಂದೆ ಮೊಲಗಳಿಗೆ ದಾಟಿತ್ತು. ದಾಟಲು ಸಾಕಾದದ್ದು ಡಿಎಲ್‌ಟಿಬಿ ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರದ ಬದಲಾವಣೆ. ಮನುಷ್ಯರ ತಳಿಯಲ್ಲಿ ಪ್ರಯೋಗಾಲಯದಲ್ಲಿ ಅದೊಂದೇ ಅಕ್ಷರವನ್ನು ಬದಲಿಸಿದಾಗ ಮೊಲಕ್ಕೆ ಸೋಂಕು ತರುವ ಶಕ್ತಿ ಅದಕ್ಕೆ ಬಂದಿತು. ಬ್ಯಾಕ್ಟೀರಿಯಾದ ವಂಶವಾಹಿಗಳಲ್ಲಿ ಸುಮಾರು 28 ಲಕ್ಷ ಅಕ್ಷರಗಳಿವೆ ಎಂಬುದನ್ನು ನೆನೆದರೆ ಈ ಫಲಿತಾಂಶದ ತೂಕ ತಿಳಿಯುತ್ತದೆ. ಇಂತಹ ವ್ಯತ್ಯಾಸವನ್ನು ಸಾಮಾನ್ಯ ಕಲ್ಚರ್ ವರದಿ ತೋರಿಸಲಾರದು. ಅದರಲ್ಲಿ ಎರಡೂ 'ಸ್ಟ್ಯಾಫಿಲೊಕಾಕಸ್ ಆರಿಯಸ್' ಎಂದೇ ಬರುತ್ತವೆ.

ಹಾಲು ಬಿಟ್ಟ ಮರಿಗಳ ಭೇದಿಯಲ್ಲೂ ಇದೇ ಕಥೆ. ಇ. ಕೋಲಿ ಆರೋಗ್ಯವಂತ ಪ್ರಾಣಿಗಳ ಕರುಳಿನಲ್ಲೂ ಇರುತ್ತದೆ. ಕೆಲವು ತಳಿಗಳಲ್ಲಿ ಮಾತ್ರ ಕರುಳಿನ ಗೋಡೆಗೆ ಬಿಗಿಯಾಗಿ ಅಂಟಿ ಅದರ ಮೇಲ್ಮೈಯನ್ನು ನಾಶ ಮಾಡುವ ಸಾಧನವಿದೆ. ಪಶ್ಚಿಮ ಯುರೋಪಿನ ಫಾರಂಗಳಲ್ಲಿ ಅತ್ಯಂತ ಹೆಚ್ಚು ಮರಿಗಳನ್ನು ಕೊಂದವುಗಳಲ್ಲಿ ಓ103 ವಿಧದ, ರ್‍ಯಾಮ್ನೋಸ್ ಎಂಬ ಸಕ್ಕರೆಯನ್ನು ಬಳಸಲಾರದ ತಳಿಗಳು ಪ್ರಮುಖ. ರ್‍ಯಾಮ್ನೋಸ್‌ಗೂ ಸಾವಿಗೂ ನೇರ ಸಂಬಂಧವಿಲ್ಲ. ಅದು ಉಗ್ರ ತಳಿಯನ್ನು ಗುರುತಿಸಲು ಪ್ರಯೋಗಾಲಯಕ್ಕೆ ಸಿಕ್ಕ ಅಗ್ಗದ ಗುರುತು, ಅಷ್ಟೆ.

ಮೊಲದ ಮೈಬಿಸಿ, ಶೆಡ್ಡಿನ ಗಾಳಿ

ತಳಿಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನಲಾಗದು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಜಾನ್ ಎಂಡರ್ಸ್ 1936ರಲ್ಲಿ ಸಹೋದ್ಯೋಗಿಯೊಡನೆ ಮಾಡಿದ ಅಧ್ಯಯನ ಇದಕ್ಕೆ ಸೊಗಸಾದ ನಿದರ್ಶನ. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನ ಮೂರನೇ ವಿಧದ ಕೆಲವು ತಳಿಗಳು ಮೊಲಗಳನ್ನು ಕೊಲ್ಲುತ್ತಿದ್ದವು, ಕೆಲವು ಕೊಲ್ಲುತ್ತಿರಲಿಲ್ಲ. ಕಾರಣಗಳಲ್ಲೊಂದು ಮೊಲದ ಜ್ವರ. ಸೋಂಕು ತಗಲಿದ ಮೊಲದ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಬಿಸಿಯಲ್ಲಿ ಬೆಳೆಯಬಲ್ಲ ತಳಿಗಳು ಗೆಲ್ಲುತ್ತಿದ್ದವು, ಬೆಳೆಯಲಾರದವು ಸೋಲುತ್ತಿದ್ದವು.

ಹೊರಗಿನ ಹವೆಯ ಪಾತ್ರವನ್ನು ತೋರಿಸಿದ್ದು 2015ರ ಮೇ ತಿಂಗಳು. ಕಝಾಕಸ್ತಾನದ ಬಯಲಿನಲ್ಲಿ ಸೈಗಾ ಎಂಬ ಜಿಂಕೆಯಂತಹ ಪ್ರಾಣಿಗಳು ಮೂರು ವಾರಗಳಲ್ಲಿ 2 ಲಕ್ಷಕ್ಕೂ ಮಿಕ್ಕಿ ಸತ್ತವು. ಕೊಂದದ್ದು ಪಾಶ್ಚುರೆಲ್ಲ ಮಲ್ಟೋಸಿಡದ ಬಿ ವಿಧ. ಅದು ಹೊರಗಿನಿಂದ ಬಂದದ್ದಲ್ಲ, ಅವುಗಳ ಗಂಟಲಿನಲ್ಲಿ ಮೊದಲೇ ತೆಪ್ಪಗೆ ಕೂತಿತ್ತೆಂದು ತಜ್ಞರು ಭಾವಿಸುತ್ತಾರೆ. ಆ ದಿನಗಳ ಅಸಾಮಾನ್ಯ ತೇವ ಮತ್ತು ಸೆಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿದೆ.

ಮೊಲದ ಶೆಡ್ಡಿನಲ್ಲಿ ಈ ಪಾತ್ರವನ್ನು ವಹಿಸುವುದು ಸೆಕೆ ಮತ್ತು ಮೂತ್ರದಿಂದ ಏಳುವ ಅಮೋನಿಯಾ. ಮೊಲಕ್ಕೆ ಬೆವರುವ ಅನುಕೂಲ ಇಲ್ಲವೆನ್ನುವಷ್ಟು ಕಡಿಮೆ. ಕಿವಿಗಳ ಮೂಲಕ ಬಿಸಿಯನ್ನು ಹೊರಹಾಕಬೇಕು. ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಕೆಳಗೆ ಅದು ಬಳಲುತ್ತದೆ. ಅಮೋನಿಯಾ ಮೂಗಿನ ಒಳಗಿನ ಸೂಕ್ಷ್ಮ ರೋಮಗಳನ್ನು ಕೆಡಿಸುತ್ತದೆ, ಬ್ಯಾಕ್ಟೀರಿಯಾವನ್ನು ಹೊರಗೆ ತಳ್ಳುವ ಕೆಲಸ ನಿಲ್ಲುತ್ತದೆ. ಆಗ ಸೌಮ್ಯ ತಳಿಯೂ ಶ್ವಾಸಕೋಶಕ್ಕೆ ಇಳಿಯಬಹುದು.

ಮಾದರಿ, ಮದ್ದು, ಲಸಿಕೆ

ದಾಬಸ್‌ಪೇಟೆಯಿಂದ ಹೆಬ್ಬಾಳ ಸುಮಾರು 50 ಕಿಲೋಮೀಟರ್. ರಾಜ್ಯದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅಲ್ಲಿದೆ; 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಕೂಡ ಅಲ್ಲೇ ಇದೆ. ಸತ್ತ ಮೊಲವನ್ನು ಸ್ಥಳೀಯ ಪಶುವೈದ್ಯರ ಪತ್ರದೊಂದಿಗೆ ಅದೇ ದಿನ ಐಸ್ ತುಂಬಿದ ಡಬ್ಬಿಯಲ್ಲಿ ಒಯ್ಯುವುದು ಉತ್ತಮ. ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿದರೆ ಅಂಗಾಂಶದ ಪರೀಕ್ಷೆ ಕೆಡುತ್ತದೆ. ಮದ್ದು ಕೊಟ್ಟ ಬಳಿಕ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಇದ್ದಕ್ಕಿದ್ದಂತೆ ಅನೇಕ ಮೊಲಗಳು ಸತ್ತರೆ ಅದು ಬ್ಯಾಕ್ಟೀರಿಯಾದ ಕೆಲಸವೇ ಎಂದು ತೀರ್ಮಾನಿಸುವಂತಿಲ್ಲ; 1984ರಲ್ಲಿ ಚೀನಾದಲ್ಲಿ ಮೊದಲು ಕಂಡ ಮೊಲಗಳ ರಕ್ತಸ್ರಾವ ರೋಗ ವೈರಸ್ಸಿನಿಂದ ಬರುವಂಥದ್ದು. ವರದಿ ಕೈಸೇರಿದಾಗ ಪ್ರಭೇದದ ಹೆಸರಿನೊಡನೆ ಕವಚದ ವಿಧವನ್ನೂ ವಿಷದ ವಂಶವಾಹಿ ಇದೆಯೇ ಎಂಬುದನ್ನೂ ಕೇಳಬಹುದು. ಪಿಸಿಆರ್ ಪರೀಕ್ಷೆಯಿಂದ ಇವೆರಡನ್ನೂ ತಿಳಿಯಬಹುದಾಗಿದೆ. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬ ಪಟ್ಟಿಯನ್ನಂತೂ ಕೇಳಲೇಬೇಕು.

ದನಗಳಿಗೆ ಹಾಕುವ ಗಳಲೆ ರೋಗದ ಲಸಿಕೆಯನ್ನೇ ಮೊಲಗಳಿಗೂ ಹಾಕಿಸಿದರೆ ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು, ಹೆಸರು ಒಂದೇ ತಾನೆ. ಆ ಲಸಿಕೆಯನ್ನು ತಯಾರಿಸುವುದು ಬಿ:2 ವಿಧದ ಪಿ-52 ತಳಿಯಿಂದ. ಎ ಅಥವಾ ಡಿ ವಿಧದ ವಿರುದ್ಧ ಅದರಿಂದ ರಕ್ಷಣೆ ನಿರೀಕ್ಷಿಸಲಾಗದು.

ಇನ್ನು ಮದ್ದಿನ ಮಾತು. ಮನೆಯಲ್ಲಿ ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನು ಸೀನುವ ಮೊಲದ ಬಾಯಿಗೆ ಹಾಕುವುದು ಅಪಾಯಕಾರಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಬಾಯಿಯ ಮೂಲಕ ಹೋದರೆ ಮೊಲದ ದೊಡ್ಡ ಕರುಳಿನಲ್ಲಿ ಮೇವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಸ್ಪೈರೋಫಾರ್ಮೆ ಬೆಳೆದು ವಿಷ ಬಿಡುತ್ತದೆ, ಭೇದಿಯಾಗಿ ಮೊಲ ಸಾಯುತ್ತದೆ. ನೆಗಡಿಯಿಂದ ಸಾಯದಿದ್ದ ಮೊಲ ಹೀಗೆ ಮದ್ದಿನಿಂದ ಸತ್ತರೂ ಮಾಲೀಕರು ದೂರುವುದು ನೆಗಡಿಯನ್ನೇ. ಎನ್ರೊಫ್ಲಾಕ್ಸಸಿನ್‌ನಂತಹ ಔಷಧಗಳನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಅವೂ ಲಕ್ಷಣಗಳನ್ನು ತಗ್ಗಿಸುತ್ತವೆಯೇ ಹೊರತು ಮೂಗಿನಿಂದ ಬ್ಯಾಕ್ಟೀರಿಯಾವನ್ನು ಪೂರ್ತಿಯಾಗಿ ನಿರ್ಮೂಲ ಮಾಡುವುದು ಅಪರೂಪ.

ಹೊಸ ಮೊಲ ಕೊಳ್ಳುವವರು ಮೊಲದೊಂದಿಗೆ ಅದರ ಮೂಗಿನಲ್ಲಿರುವ ತಳಿಯನ್ನೂ ಕೊಂಡು ತರುತ್ತಾರೆ. ಅದರ ಹಳೆಯ ಒಡನಾಡಿಗಳಿಗೆ ಸೌಮ್ಯವಾಗಿದ್ದ ತಳಿ ಇಲ್ಲಿನ ಮೊಲಗಳಿಗೆ ಸೌಮ್ಯವಾಗಿರಬೇಕೆಂದಿಲ್ಲ. ಕನಿಷ್ಠ ಮೂರು ನಾಲ್ಕು ವಾರ ಬೇರೆ ಕಡೆ ಇರಿಸಿ, ಮೇವು ನೀರು ಹಾಕುವಾಗ ಹಳೆಯ ಮೊಲಗಳನ್ನು ಮೊದಲು, ಹೊಸದನ್ನು ಕೊನೆಗೆ ನೋಡಿಕೊಂಡು, ದಿನವೂ ಒಮ್ಮೆ ಅದರ ಮುಂಗಾಲಿನ ಒಳಬದಿಯನ್ನು ತಿರುಗಿಸಿ ನೋಡುವುದು ವಾಡಿಕೆ. ಸಾಧ್ಯವಿದ್ದವರು ಈ ಅವಧಿಯಲ್ಲೇ ಮೂಗಿನ ದ್ರವದ ಕಲ್ಚರ್ ಮಾಡಿಸುತ್ತಾರೆ.